ಮೇಲೇಳಲು ನೋಡುವ ನಿಲ್ದಾಣ

ಶಿವಮೊಗ್ಗ, ಭದ್ರಾವತಿ ಕಡೆ ಹೊಸ ಮನೆ ಕಟ್ಟಿಸುವವರಿಗೆ ಮೇಸ್ತ್ರಿಗಳು ಹೇಳುವ ಮಾತೊಂದಿದೆ: ಮಳೆ ಹಿಡಿಯುವ ಮುಂಚೆ ಸಂಪಿಗೆ ನೀರು ಬಿಟ್ಟುಬಿಡಿ, ಖಾಲಿ ಇಡಬೇಡಿ. ಗದ್ದೆ ಒಡೆದು ಮಾಡಿದ ಲೇಔಟುಗಳಲ್ಲಿ, ನಾಲೆಯ ಕೆಳಗಿನ ಸೈಟುಗಳಲ್ಲಿ ಈ ಮಾತಿಗೆ ಬೆಲೆ ಹೆಚ್ಚು. ಕೇಳದೆ ಹೋದರೆ, ಆರಿದ್ರಾ ಮಳೆ ಬಿಡದೆ ಹೊಯ್ದ ಮೇಲೆ ಒಂದು ಬೆಳಿಗ್ಗೆ ನೋಡುವಾಗ ನೆಲಕ್ಕೆ ಸಮನಾಗಿ ಕೂತಿದ್ದ ಸಂಪು ಒಂದು ಮಗ್ಗುಲಿಗೆ ಎದ್ದಿರುತ್ತದೆ. ಪೈಪಿನ ಜೋಡಣೆ ಕಿತ್ತಿರುತ್ತದೆ. ಅದನ್ನು ಮತ್ತೆ ಕೆಳಗಿಳಿಸುವ ಉಪಾಯ ಯಾರ ಬಳಿಯೂ ಇರುವುದಿಲ್ಲ, ಒಡೆದು ಹೊಸದಾಗಿ ಕಟ್ಟಿಸಬೇಕು.

ಟನ್ನುಗಟ್ಟಲೆ ತೂಗುವ ಕಾಂಕ್ರೀಟಿನ ತೊಟ್ಟಿಯನ್ನು ಎತ್ತಿದ್ದು ಏನು? ಸುತ್ತ ಕೆರೆಯಿಲ್ಲ, ಹೊಳೆ ಉಕ್ಕಿ ಬಂದಿಲ್ಲ. ಇರುವುದು ಒದ್ದೆ ಮಣ್ಣು ಅಷ್ಟೇ.

ಬೆಂಗಳೂರಿನ ಮೆಜೆಸ್ಟಿಕ್‌ನ ಕೆಳಗೆ ಮೆಟ್ರೊ ನಿಲ್ದಾಣ ಕಟ್ಟಿದವರ ಮುಂದೆಯೂ ಇದೇ ಪ್ರಶ್ನೆ ಇತ್ತು, ಅಳತೆ ಮಾತ್ರ ಬೇರೆ. ನೆಲದಡಿಯ ನಿಲ್ದಾಣ ಎಂದೊಡನೆ ಮೇಲಿನ ಮಣ್ಣು, ರಸ್ತೆ, ಬಸ್ಸುಗಳ ಭಾರಕ್ಕೆ ಅದು ಕುಸಿದೀತೇ ಎಂಬ ಭಯ ಸಹಜವಾಗಿ ಬರುತ್ತದೆ. ಆ ಭಾರವನ್ನು ಹೊರುವುದು ವಿನ್ಯಾಸಕಾರರಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಅವರನ್ನು ಬೇರೆ ರೀತಿಯಲ್ಲಿ ಕಾಡುವುದು ಇದರ ತಿರುವುಮುರುವು ಪ್ರಶ್ನೆ: ಇಷ್ಟು ದೊಡ್ಡ ಟೊಳ್ಳು ಪೆಟ್ಟಿಗೆ ನೆಲದೊಳಗೆ ಸುಮ್ಮನೆ ಕೂತಿರುವಂತೆ ಮಾಡುವುದು ಹೇಗೆ?

ಎತ್ತಲು ಎಷ್ಟು ನೀರು ಬೇಕು?

ಮೊದಲು ಸಂಪಿನ ಲೆಕ್ಕ ನೋಡಬಹುದು. ಒಳಗಿನ ಅಳತೆ ಉದ್ದ, ಅಗಲ, ಆಳ ಎಲ್ಲವೂ 2 ಮೀಟರ್ ಇರಲಿ. ಎಂಟು ಸಾವಿರ ಲೀಟರ್ ಹಿಡಿಸುವ ಸಂಪು ಅದು. ಗೋಡೆ, ತಳ, ಮುಚ್ಚಳ ಎಲ್ಲವೂ 10 ಸೆಂಟಿಮೀಟರ್ ದಪ್ಪ. ಇದಕ್ಕೆ ಹಿಡಿದ ಕಾಂಕ್ರೀಟು ಸುಮಾರು ಆರೂವರೆ ಟನ್ ತೂಗುತ್ತದೆ. ಆದರೆ ಹೊರಗಿನ ಅಳತೆಯಲ್ಲಿ ಇಡೀ ಸಂಪು ಆಕ್ರಮಿಸಿದ ಜಾಗದಲ್ಲಿ ನೀರಿದ್ದಿದ್ದರೆ ಆ ನೀರಿನ ತೂಕ ಹತ್ತೂವರೆ ಟನ್ನಿಗೂ ಸ್ವಲ್ಪ ಹೆಚ್ಚು. ಆರ್ಕಿಮಿಡಿಸ್ ಕಂಡುಕೊಂಡ ನಿಯಮ ಶಾಲೆಯಲ್ಲಿ ಎಲ್ಲರೂ ಓದಿದ್ದೇ. ವಸ್ತು ಎಷ್ಟು ನೀರನ್ನು ಸರಿಸಿತೋ ಆ ನೀರಿನ ತೂಕದಷ್ಟು ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಸುತ್ತಲ ಮಣ್ಣಿನಲ್ಲಿ ನೀರು ನೆಲಮಟ್ಟದವರೆಗೆ ಏರಿದರೆ ಖಾಲಿ ಸಂಪಿನ ಮೇಲೆ ನಾಲ್ಕು ಟನ್ನಿನಷ್ಟು ಬಲ ಮೇಲ್ಮುಖವಾಗಿ ಉಳಿಯುತ್ತದೆ. ಅಷ್ಟೂ ಏರಬೇಕಿಲ್ಲ. ತಳದಿಂದ 1.34 ಮೀಟರ್, ಅಂದರೆ ನಾಲ್ಕೂವರೆ ಅಡಿಗಿಂತ ತುಸು ಕಡಿಮೆ ಎತ್ತರಕ್ಕೆ ನೀರು ಬಂದರೆ ತಕ್ಕಡಿ ಸರಿಸಮವಾಗುತ್ತದೆ. ಅದರಾಚೆಗೆ ಸಂಪನ್ನು ಹಿಡಿದಿಡುವುದು ಪಕ್ಕದ ಮಣ್ಣಿನ ಅಂಟು ಮಾತ್ರ. ಹೊಸ ಸಂಪಿನ ಸುತ್ತ ತುಂಬಿದ ಮಣ್ಣು ಸಡಿಲವಾಗಿರುವುದರಿಂದ ಅದನ್ನು ನಂಬುವಂತಿಲ್ಲ. ಎಂಟು ಟನ್ ನೀರು ಒಳಗಿದ್ದರೆ ಒಟ್ಟು ತೂಕ ಹದಿನಾಲ್ಕೂವರೆ ಟನ್ ಆಗುತ್ತದೆ, ಮತ್ತೆ ಯಾವ ಮಳೆಗೂ ಅದು ಜಗ್ಗುವುದಿಲ್ಲ. ಮೇಸ್ತ್ರಿಯ ಮಾತಿನ ಹಿಂದಿರುವುದು ಈ ಗಣಿತ.

ಇಲ್ಲಿ ಒಂದು ಅನುಮಾನ ಬರಬೇಕು. ತೇಲುವುದಕ್ಕೆ ನೀರು ತುಂಬಾ ಬೇಕಲ್ಲವೇ? ಹತ್ತು ಟನ್ ಬಲ ಕೊಡಲು ಹತ್ತು ಟನ್ ನೀರಾದರೂ ಸುತ್ತ ಇರಬೇಡವೇ?

ಬೇಡ. ಇದೇ ಇಡೀ ವಿಷಯದ ತಿರುಳು, ಮತ್ತು ಮನಸ್ಸು ಸುಲಭಕ್ಕೆ ಒಪ್ಪದ ಭಾಗವೂ ಇದೇ. ಮಣ್ಣಿನ ಕಣಗಳ ನಡುವೆ ಸಂದುಗಳಿವೆ. ಆ ಸಂದುಗಳಲ್ಲಿ ನಿಂತ ನೀರು ಕೂದಲೆಳೆಯಷ್ಟು ಸಣ್ಣ ದಾರಿಗಳಿಂದ ಒಂದಕ್ಕೊಂದು ಕೂಡಿಕೊಂಡಿರುತ್ತದೆ. ಹೀಗೆ ಕೂಡಿಕೊಂಡ ನೀರಿನೊಳಗಿನ ಒತ್ತಡ ಆಳವನ್ನು ಮಾತ್ರ ಕೇಳುತ್ತದೆ, ಪ್ರಮಾಣವನ್ನು ಕೇಳುವುದಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಗೋಡೆ ಎಷ್ಟು ದಪ್ಪ ಇರಬೇಕು ಎಂಬುದು ಹಿನ್ನೀರು ಎಷ್ಟು ದೂರ ಹಬ್ಬಿದೆ ಎಂಬುದರ ಮೇಲೆ ನಿಂತಿಲ್ಲ. ಗೋಡೆಯ ಬುಡದಲ್ಲಿ ನೀರು ಎಷ್ಟು ಆಳವಿದೆ ಎಂಬುದಷ್ಟೇ ಮುಖ್ಯ. ಹಿನ್ನೀರಿನ ಬದಲು ಗೋಡೆಗೆ ಅಂಟಿದಂತೆ ಒಂದು ಅಂಗುಲ ದಪ್ಪದ ನೀರಿನ ಹಾಳೆ ಅಷ್ಟೇ ಎತ್ತರಕ್ಕೆ ನಿಂತಿದ್ದರೂ ಗೋಡೆಗೆ ಬೀಳುವ ನೂಕು ಬಲ ಅಷ್ಟೇ. ಸಂಪಿನ ಸುತ್ತ ಇರುವುದು ಇಂಥ ತೆಳು ನೀರು. ಕೆರೆಗೆ ಇರುವಷ್ಟೇ ಶಕ್ತಿ ಅದಕ್ಕೂ ಉಂಟು.

ಹೀಗೆ ಅಡಿಯಿಂದ ಮೇಲಕ್ಕೆ ನೂಕುವ ನೀರಿನ ಬಲವನ್ನು ಇಲ್ಲಿಂದ ಮುಂದೆ ಮೇಲೊತ್ತು ಎಂದು ಕರೆಯೋಣ. ಎಂಜಿನಿಯರುಗಳು ಅಪ್‌ಲಿಫ್ಟ್ ಎನ್ನುವುದು ಇದನ್ನೇ. ಅವರು ಇದನ್ನು ಕಲಿತದ್ದು ಸುಲಭದಲ್ಲಿ ಅಲ್ಲ. 1895ರಲ್ಲಿ ಫ್ರಾನ್ಸಿನ ಬೂಝೆ ಎಂಬಲ್ಲಿ ಕಲ್ಲಿನ ಅಣೆಕಟ್ಟು ಒಡೆದು ಕೆಳಗಿನ ಊರುಗಳ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಕಟ್ಟೆಯ ಸಂದಿಗಳಿಗೂ ಬುಡಕ್ಕೂ ನುಗ್ಗಿದ ನೀರು ಕಟ್ಟೆಯನ್ನೇ ಮೇಲಕ್ಕೆ ಒತ್ತಿ ಹಗುರ ಮಾಡಿತ್ತು. ಅಣೆಕಟ್ಟಿನ ಲೆಕ್ಕದಲ್ಲಿ ಮೇಲೊತ್ತನ್ನು ಸೇರಿಸಲೇಬೇಕು ಎಂಬುದು ಆ ದುರಂತದ ನಂತರ ಎಲ್ಲ ಕಡೆ ಬೇರೂರಿತು.

ಮೆಜೆಸ್ಟಿಕ್‌ನಲ್ಲಿ ಇಳಿದಾಗ

ಶಿವಮೊಗ್ಗದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋದವರು ಸಿಟಿ ಸ್ಟೇಷನ್ನಿನಲ್ಲಿ ಇಳಿದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಮೆಟ್ರೊ ನಿಲ್ದಾಣಕ್ಕೆ ನಡೆಯುತ್ತಾರೆ. ಮುಂದಿನದು ನಾಡಪ್ರಭು ಕೆಂಪೇಗೌಡ ನಿಲ್ದಾಣ, ಅಂದರೆ ಮೆಜೆಸ್ಟಿಕ್. ಅದರಾಚೆ ಸೆಂಟ್ರಲ್ ಕಾಲೇಜಿನ ಬಳಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ. ಮೈಸೂರಿನ ದಿವಾನರಾಗಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕನಸು ಕಂಡು, 1923ರಲ್ಲಿ ಅದು ಕೆಲಸ ಶುರು ಮಾಡಿದಾಗ ಅದರ ಹೊಣೆಯನ್ನೂ ಹೊತ್ತವರ ಹೆಸರು ನೆಲದಡಿಯ ನಿಲ್ದಾಣವೊಂದಕ್ಕೆ ಬಂದಿರುವುದು ಭದ್ರಾವತಿಯವರಿಗೆ ಹೆಮ್ಮೆಯ ವಿಷಯ. ಕಬ್ಬನ್ ಪಾರ್ಕಿನಿಂದ ಸಿಟಿ ಸ್ಟೇಷನ್ನಿನವರೆಗಿನ ಈ ನೆಲದಡಿಯ ದಾರಿ 2016ರ ಏಪ್ರಿಲ್ ಕೊನೆಯಲ್ಲಿ ತೆರೆಯಿತು. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಯ ಕೆಳಗಿನ ಇನ್ನೊಂದು ದಾರಿ 2017ರ ಜೂನ್‌ನಲ್ಲಿ ತೆರೆದ ಮೇಲೆ ಮೆಜೆಸ್ಟಿಕ್‌ನಲ್ಲಿ ಎರಡೂ ಒಂದರ ಕೆಳಗೊಂದು ಹಾಯುತ್ತವೆ.

ಇಂಥ ನಿಲ್ದಾಣದ ಒಳಾಂಗಣ ಒಂದೇ ಅಚ್ಚಿನದು. ರಸ್ತೆಯಿಂದ ಇಳಿದರೆ ಮೊದಲು ಟಿಕೆಟ್ ಅಂಗಳ. ಅದರ ಕೆಳಗೆ ಪ್ಲಾಟ್‌ಫಾರ್ಮ್. ಎರಡು ಬದಿಗೂ ಹಳಿ. ಎರಡು ತುದಿಗಳಲ್ಲಿ ಪ್ರಯಾಣಿಕರಿಗೆ ಕಾಣದ ಕೋಣೆಗಳು, ಅವುಗಳಲ್ಲಿ ಗಾಳಿಯ ಯಂತ್ರ, ವಿದ್ಯುತ್ ಉಪಕರಣ, ಪಂಪು. ಒಟ್ಟಿನಲ್ಲಿ ಇನ್ನೂರು ಮೀಟರಿಗೂ ಮೀರಿದ ಉದ್ದದ ಪೆಟ್ಟಿಗೆ. ಅದರಲ್ಲಿ ಹೆಚ್ಚಿನ ಭಾಗ ಬರೀ ಗಾಳಿ. ಜನರಿಗೆ ಉಸಿರುಕಟ್ಟಬಾರದು, ಬೆಂಕಿ ಬಿದ್ದರೆ ಹೊಗೆ ಮೇಲೇರಲು ಜಾಗ ಬೇಕು, ಸಾವಿರಾರು ಮಂದಿ ಒಟ್ಟಿಗೆ ಹತ್ತಿಳಿಯಬೇಕು. ಆದ್ದರಿಂದ ವಾಸ್ತುಶಿಲ್ಪಿ ಕೇಳುವುದು ಎತ್ತರದ ಚಾವಣಿ, ಕಡಿಮೆ ಕಂಬ, ಹೆಚ್ಚು ಬಯಲು. ಅವರು ಕೇಳಿದ ಪ್ರತಿ ಘನ ಮೀಟರ್ ಬಯಲಿಗೂ ನೀರು ಒಂದು ಟನ್ ಮೇಲೊತ್ತಿನ ಬಿಲ್ಲು ಕಳಿಸುತ್ತದೆ.

ಒಂದು ಮೀಟರ್ ಹೋಳು

ಅರ್ಥವಾಗುವಂತೆ ಒಂದು ಮಾದರಿ ನಿಲ್ದಾಣ ಇಟ್ಟುಕೊಳ್ಳಬಹುದು. ಇದು ಯಾವುದೇ ನಿಜವಾದ ನಿಲ್ದಾಣದ ನಕ್ಷೆಯಲ್ಲ, ಲೆಕ್ಕಕ್ಕಾಗಿ ಮಾಡಿಕೊಂಡದ್ದು. ಅಗಲ 24 ಮೀಟರ್, ಎತ್ತರ 16 ಮೀಟರ್, ಚಾವಣಿಯ ಮೇಲೆ ಎರಡೂವರೆ ಮೀಟರ್ ಮಣ್ಣು. ಉದ್ದ ಎಷ್ಟಾದರೂ ಇರಲಿ. ಅದರಲ್ಲಿ ಒಂದು ಮೀಟರ್ ಹೋಳನ್ನು ಮಾತ್ರ ನೋಡಿದರೆ ಸಾಕು.

ಮಳೆಗಾಲದಲ್ಲಿ ನೀರು ನೆಲದವರೆಗೂ ಏರಿದೆ ಎನ್ನೋಣ. ಈ ಹೋಳು ಸರಿಸಿದ ನೀರು 384 ಟನ್. ಅಷ್ಟೂ ಮೇಲೊತ್ತು. ಇದಕ್ಕೆ ಎದುರಾಗಿ ಏನಿದೆ? ಚಾವಣಿ ಒಂದು ಮೀಟರ್ ದಪ್ಪ, ಟಿಕೆಟ್ ಅಂಗಳದ ನೆಲ ಅರ್ಧ ಮೀಟರ್, ತಳಹಾಸು ಒಂದೂವರೆ ಮೀಟರ್, ಎರಡು ಬದಿಯ ಗೋಡೆಗಳು ಒಂದೊಂದು ಮೀಟರ್ ಎಂದು ಹಿಡಿದರೆ ಕಾಂಕ್ರೀಟಿನ ತೂಕ 245 ಟನ್. ಮನೆ ಕಟ್ಟುವವರ ಕಣ್ಣಿಗೆ ಇವು ರಾಕ್ಷಸ ಗಾತ್ರದ ಹಲಗೆಗಳು. ಆದರೂ 139 ಟನ್ ಕೊರತೆ.

ಮೇಲಿನ ಮಣ್ಣು ಇದೆಯಲ್ಲ? ಅದರ ತೂಕ 120 ಟನ್. ಆದರೆ ಅದೂ ನೀರಿನಲ್ಲಿ ನೆನೆದು ನಿಂತಿದೆ. ಬಾವಿಯಿಂದ ಕೊಡ ಸೇದುವಾಗ ನೀರಿನೊಳಗೆ ಇರುವಷ್ಟು ಹೊತ್ತು ಭಾರ ತಿಳಿಯುವುದಿಲ್ಲ, ಹೊರಗೆ ಬಂದೊಡನೆ ಹಗ್ಗ ಬಿಗಿಯುತ್ತದೆ. ನೀರಿನೊಳಗಿನ ಮಣ್ಣೂ ಹಾಗೆ ಅರ್ಧ ತೂಕ ಕಳೆದುಕೊಂಡು 60 ಟನ್ನಿಗೆ ಇಳಿಯುತ್ತದೆ. ಇಷ್ಟಾದ ಮೇಲೂ ಪ್ರತಿ ಮೀಟರಿಗೆ 79 ಟನ್ ಕಡಿಮೆ. ಇನ್ನೂರು ಮೀಟರ್ ನಿಲ್ದಾಣಕ್ಕೆ ಇದನ್ನು ಗುಣಿಸಿದರೆ ಸುಮಾರು ಹದಿನಾರು ಸಾವಿರ ಟನ್. ರೈಲು, ಜನ, ಎಸ್ಕಲೇಟರುಗಳ ತೂಕವನ್ನು ಇದಕ್ಕೆ ತುಂಬಿಕೊಳ್ಳುವಂತಿಲ್ಲ. ರಾತ್ರಿ ರೈಲು ಇರುವುದಿಲ್ಲ, ಜನರೂ ಇರುವುದಿಲ್ಲ. ನೀರು ಮಾತ್ರ ಹಗಲೂ ರಾತ್ರಿ ಇರುತ್ತದೆ.

ಕೊರತೆ ತುಂಬುವ ದಾರಿಗಳು

ಸುಲಭವಾಗಿ ಹೊಳೆಯುವ ದಾರಿ ತಳಹಾಸನ್ನು ಇನ್ನಷ್ಟು ದಪ್ಪ ಮಾಡುವುದು. ಒಂದು ಮೀಟರ್ ಹೆಚ್ಚಿಸಿದರೆ ಹೋಳಿಗೆ 60 ಟನ್ ಕಾಂಕ್ರೀಟು ಸೇರುತ್ತದೆ. ಆದರೆ ಅದಕ್ಕಾಗಿ ಒಂದು ಮೀಟರ್ ಹೆಚ್ಚು ಆಳ ಅಗೆಯಬೇಕು, ಆ ಹೊಸ ಕಾಂಕ್ರೀಟೂ 24 ಟನ್ ನೀರನ್ನು ಸರಿಸುತ್ತದೆ. ಕೈಗೆ ಸಿಗುವುದು 36 ಟನ್ ಮಾತ್ರ. ದುಬಾರಿ ವ್ಯಾಪಾರ.

ಇದಕ್ಕಿಂತ ಚೆನ್ನಾದ ಉಪಾಯ ತಳಹಾಸನ್ನು ಗೋಡೆಯಿಂದ ಹೊರಕ್ಕೆ ಚಾಚುವುದು. ಒಂದೊಂದು ಬದಿಗೆ ಒಂದು ಮೀಟರ್ ಹೊರಚಾಚು ಬಿಟ್ಟರೆ, ಅದರ ಮೇಲೆ ನೆಲಮಟ್ಟದವರೆಗೆ ನಿಂತ ಹದಿನೇಳು ಮೀಟರ್ ಎತ್ತರದ ಮಣ್ಣು ನಿಲ್ದಾಣದ ಪಾದದ ಮೇಲೆ ಕೂತಂತಾಗುತ್ತದೆ. ನೀರಿನಲ್ಲಿ ನೆನೆದ ತೂಕ ಹಿಡಿದರೂ ಸುಮಾರು 34 ಟನ್ ಸಿಗುತ್ತದೆ. ಇಕ್ಕಟ್ಟಿನ ನಗರದಲ್ಲಿ ಪಕ್ಕದ ಕಟ್ಟಡದ ಬುಡಕ್ಕೆ ಹೀಗೆ ಪಾದ ಚಾಚಲು ಜಾಗ ಸಿಗುವುದು ಅಪರೂಪ.

ಮೂರನೆಯದು ಗೋಡೆಗಳನ್ನೇ ತಳಹಾಸಿನ ಕೆಳಗೂ ಇಳಿಬಿಡುವುದು. ಅಗೆಯುವಾಗ ಬದಿಯ ಮಣ್ಣು ಕುಸಿಯದಂತೆ ಹೇಗೂ ಆಳದ ಗೋಡೆ ಬೇಕು. ಅದನ್ನೇ ನಿಲ್ದಾಣಕ್ಕೆ ಬಿಗಿಯಾಗಿ ಜೋಡಿಸಿಬಿಟ್ಟರೆ ಅದರ ತೂಕವೂ, ಅದಕ್ಕೆ ಅಂಟಿದ ಮಣ್ಣಿನ ಹಿಡಿತವೂ ದಕ್ಕುತ್ತದೆ. ಕೆಳಗೆ ಗಟ್ಟಿ ಬಂಡೆ ಇದ್ದರೆ ತಳಹಾಸಿನಿಂದ ಬಂಡೆಯೊಳಕ್ಕೆ ಉಕ್ಕಿನ ಸರಳುಗಳನ್ನು ಇಳಿಸಿ ಸಿಮೆಂಟು ಹಾಲು ತುಂಬಿ ಬಿಗಿಯಬಹುದು. ಇವನ್ನು ಹಿಡಿಗೂಟ ಎನ್ನಬಹುದು. ಮನೆಯ ಅಡಿಪಾಯದ ಕಂಬಕ್ಕೆ ಹೊರುವ ಕೆಲಸವಾದರೆ ಇವಕ್ಕೆ ಎಳೆದು ಹಿಡಿಯುವ ಕೆಲಸ. ಬೆಂಗಳೂರಿನ ಕೆಳಗೆ ಕೋಟ್ಯಂತರ ವರ್ಷ ಹಳೆಯ ನೈಸ್ ಶಿಲೆ ಇದೆ, ಲಾಲ್‌ಬಾಗಿನಲ್ಲಿ ತಲೆ ಹೊರಹಾಕಿ ಕಾಣುವುದೂ ಅದೇ. ಅಗೆಯುವವರಿಗೆ ಅದು ಶತ್ರು, ಬಿಗಿಯುವವರಿಗೆ ಮಿತ್ರ.

ಸಾಲದ ತೂಕ ತುಂಬಿದರೆ ಮುಗಿಯಲಿಲ್ಲ. ಮೇಲೊತ್ತು ಮೊದಲು ಬೀಳುವುದು ತಳಹಾಸಿನ ಮೇಲೆ. ನಮ್ಮ ಮಾದರಿಯಲ್ಲಿ ಪ್ರತಿ ಚದರ ಮೀಟರಿಗೆ ಹದಿನೆಂಟೂವರೆ ಟನ್. ಗೋಡೆಗಳು ಎರಡು ಅಂಚನ್ನು ಹಿಡಿದಿರುವುದರಿಂದ ತಳ ನಡುವೆ ಮೇಲಕ್ಕೆ ಉಬ್ಬಲು ನೋಡುತ್ತದೆ. ಮನೆಯ ತಾರಸಿಗೆ ಕಂಬಿ ಕಟ್ಟುವವರಿಗೆ ಗೊತ್ತು, ತಾರಸಿ ನಡುವೆ ಕೆಳಕ್ಕೆ ಬಾಗುವುದರಿಂದ ಅಲ್ಲಿ ಮುಖ್ಯ ಕಂಬಿ ಕೆಳಮುಖದಲ್ಲಿರಬೇಕು. ಕಾಂಕ್ರೀಟು ಹಿಗ್ಗುವ ಕಡೆ ಕಬ್ಬಿಣ ಬೇಕು, ಕುಗ್ಗುವ ಕಡೆ ಅಷ್ಟು ಬೇಡ. ನಿಲ್ದಾಣದ ತಳದಲ್ಲಿ ಇದು ತಲೆಕೆಳಗು: ನಡುಭಾಗದ ದಪ್ಪ ಕಂಬಿಗಳು ಮೇಲ್ಮುಖಕ್ಕೆ ಹೋಗುತ್ತವೆ. ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ನಿಂತ ಕಂಬಗಳಿಗೂ ಇಲ್ಲಿ ಎರಡು ಕೆಲಸ. ಚಾವಣಿಯ ಭಾರವನ್ನು ಕೆಳಗೆ ತರುತ್ತವೆ. ಆ ಭಾರದಿಂದಲೇ ತಳ ಉಬ್ಬದಂತೆ ಒತ್ತಿ ಹಿಡಿಯುತ್ತವೆ. ಪ್ಲಾಟ್‌ಫಾರ್ಮಿನಲ್ಲಿ ಕಂಬ ಅಡ್ಡ ಬರುತ್ತದೆ ಎಂದು ಬೇಸರಿಸುವವರು ಬಹಳ. ಆ ಕಂಬ ಇಲ್ಲದಿದ್ದರೆ ಕಾಲ ಕೆಳಗಿನ ಹಾಸು ಇನ್ನೂ ದಪ್ಪವಾಗಬೇಕಿತ್ತು, ಗುಂಡಿ ಇನ್ನೂ ಆಳವಾಗಬೇಕಿತ್ತು.

ತುಂಗಾ, ಭದ್ರಾ ಕೊರೆದ ದಾರಿ

ನಿಲ್ದಾಣವನ್ನು ಇಷ್ಟು ಆಳಕ್ಕೆ ಯಾಕೆ ಒಯ್ಯಬೇಕು? ಹತ್ತು ಅಡಿ ಕೆಳಗೆ ಕಟ್ಟಿದ್ದರೆ ಮೇಲೊತ್ತೂ ಕಡಿಮೆ, ಮೆಟ್ಟಿಲೂ ಕಡಿಮೆ ಅಲ್ಲವೇ? ಇದಕ್ಕೆ ಉತ್ತರ ಪಕ್ಕದ ಸುರಂಗದಲ್ಲಿದೆ.

ನಮ್ಮ ಮೆಟ್ರೊದ ಗುಲಾಬಿ ಮಾರ್ಗದಲ್ಲಿ ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ 12 ನಿಲ್ದಾಣಗಳು ನೆಲದಡಿ ಇವೆ. ಇವುಗಳ ನಡುವಿನ ಸುರಂಗ ಕೊರೆಯಲು ಒಂಬತ್ತು ಯಂತ್ರಗಳು ದುಡಿದವು. ಅವಕ್ಕೆ ಇಟ್ಟ ಹೆಸರುಗಳಲ್ಲಿ ಎರಡು ತುಂಗಾ ಮತ್ತು ಭದ್ರಾ. ಒಂದು ಶಿವಮೊಗ್ಗದ ಹೊಳೆ, ಇನ್ನೊಂದು ಭದ್ರಾವತಿಯದು. ಕೂಡಲಿಯಲ್ಲಿ ಸೇರುವ ಈ ಹೊಳೆಗಳ ಹೆಸರಿನ ಯಂತ್ರಗಳು ಬೆಂಗಳೂರಿನ ಉತ್ತರ ಭಾಗದ ಬಂಡೆ, ಮಣ್ಣುಗಳ ನಡುವೆ ದಾರಿ ಮಾಡಿದವು. 2024ರ ಅಕ್ಟೋಬರ್ 30ರಂದು ಭದ್ರಾ ನಾಗವಾರದಲ್ಲಿ ಹೊರಬಂದಾಗ ಆ ಮಾರ್ಗದ ಸುರಂಗ ಕೊರೆಯುವ ಕೆಲಸ ಪೂರ್ತಿಯಾಯಿತು.

ಯಂತ್ರ ಮುಂದೆ ಕೊರೆಯುತ್ತ ಹೋದಂತೆ ಹಿಂದೆ ಕಾಂಕ್ರೀಟಿನ ತುಂಡುಗಳನ್ನು ಬಳೆಯಂತೆ ಜೋಡಿಸುತ್ತದೆ. ಹೊರ ವ್ಯಾಸ ಸುಮಾರು 6.4 ಮೀಟರ್, ಒಳ ವ್ಯಾಸ 5.8 ಎಂದು ಹಿಡಿದರೆ ಒಂದು ಮೀಟರ್ ಉದ್ದದ ಸುರಂಗ ಸರಿಸುವ ನೀರು 32 ಟನ್, ಕಾಂಕ್ರೀಟಿನ ತೂಕ ಬರೀ 14 ಟನ್. ಅಂದರೆ ಸುರಂಗ ನಿಲ್ದಾಣಕ್ಕಿಂತಲೂ ಹಗುರ, ಅದಕ್ಕಿಂತಲೂ ಹೆಚ್ಚು ತೇಲುಗುಣದ್ದು. ಅದಕ್ಕೆ ಹೊರಚಾಚು ಕೊಡಲಾಗದು, ಬಳೆಯನ್ನು ದಪ್ಪ ಮಾಡಿದರೆ ಒಳಗೆ ರೈಲಿಗೆ ಜಾಗ ಸಾಲದು. ಅದನ್ನು ಹಿಡಿದಿಡಬಲ್ಲದ್ದು ಮೇಲಿನ ಮಣ್ಣು ಒಂದೇ. ಆದ್ದರಿಂದ ಸುರಂಗದ ತಲೆಯ ಮೇಲೆ ಕನಿಷ್ಠ ಅದರ ವ್ಯಾಸದಷ್ಟಾದರೂ ಮಣ್ಣು ಇರಲಿ ಎಂಬುದು ವಾಡಿಕೆಯ ನಿಯಮ. ಮೇಲಿನ ಕಟ್ಟಡಗಳು ಕುಸಿಯದಂತೆ ಕೊರೆಯುವುದಕ್ಕೂ ಅಷ್ಟು ಹೊದಿಕೆ ಬೇಕು. ಸುರಂಗ ಆಳಕ್ಕೆ ಹೋದರೆ ಅದು ಬಂದು ಸೇರುವ ಪ್ಲಾಟ್‌ಫಾರ್ಮೂ ಆಳಕ್ಕೆ ಹೋಗಬೇಕು. ಪ್ಲಾಟ್‌ಫಾರ್ಮ್ ಆಳಕ್ಕಿಳಿದಾಗ ಅದರ ಮತ್ತು ರಸ್ತೆಯ ನಡುವೆ ಹೇಗೂ ಒಂದು ಅಂತಸ್ತಿನ ಜಾಗ ಉಳಿಯುತ್ತದೆ. ಟಿಕೆಟ್ ಅಂಗಳ ಕೂತಿರುವುದು ಅಲ್ಲಿ.

ಪಂಪು ನಿಲ್ಲಿಸುವ ದಿನ

ಕಟ್ಟುವಾಗ ನಿಲ್ದಾಣದ ಗುಂಡಿಯಲ್ಲಿ ನೀರು ನಿಲ್ಲದಂತೆ ಪಂಪುಗಳು ಓಡುತ್ತಲೇ ಇರುತ್ತವೆ. ಆಗ ನೀರಿನ ಮಟ್ಟ ತಳಕ್ಕಿಂತ ಕೆಳಗಿರುವುದರಿಂದ ಮೇಲೊತ್ತು ಇಲ್ಲ. ಅಪಾಯದ ಹೊತ್ತು ಬರುವುದು ಪೆಟ್ಟಿಗೆ ಮುಗಿಯುತ್ತ ಬಂದಾಗ. ಚಾವಣಿ ಹಾಕಿಯಾಗಿದೆ, ಮೇಲೆ ಮಣ್ಣು ತುಂಬಿಲ್ಲ. ನೋಡುವವರ ಕಣ್ಣಿಗೆ ಕೆಲಸ ಮುಗಿದಂತೆ. ಈ ಹೊತ್ತಿನಲ್ಲಿ ಪಂಪು ನಿಲ್ಲಿಸಿದರೆ, ಇಲ್ಲವೇ ಕರೆಂಟು ಹೋಗಿ ಜನರೇಟರೂ ಕೈಕೊಟ್ಟರೆ, ಇಡೀ ಪೆಟ್ಟಿಗೆ ತನ್ನ ಜೀವಮಾನದಲ್ಲೇ ಅತ್ಯಂತ ಹಗುರ ಇರುವಾಗ ನೀರು ಏರತೊಡಗುತ್ತದೆ. ಸಂಪುಗಳು ಏಳುವುದೂ ಹೆಚ್ಚಾಗಿ ಮನೆ ಅರ್ಧ ಕಟ್ಟಿದ ಮೊದಲ ಮಳೆಗಾಲದಲ್ಲೇ. ಆದ್ದರಿಂದ ಎಷ್ಟು ತೂಕ ಕೂಡಿದ ಮೇಲೆ ಪಂಪು ನಿಲ್ಲಿಸಬಹುದು ಎಂಬುದನ್ನು ನಕ್ಷೆಯಲ್ಲೇ ಬರೆದಿಡುತ್ತಾರೆ.

ಮಣ್ಣಿನೊಳಗೆ ನೀರು ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯುವುದು ಹೇಗೆ? ಶಿವಮೊಗ್ಗದಲ್ಲಿ ತುಂಗೆಯ ಏರಿಳಿತ ತಿಳಿಯಲು ಅಳತೆಗೋಲು ಬೇಕಿಲ್ಲ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ಜನ ಹೋಗಿ ನೋಡಿಬರುತ್ತಾರೆ. ನೆಲದೊಳಗಿನ ನೀರಿಗೆ ಅಂಥ ಮಂಟಪವಿಲ್ಲ. ಹಾಗಾಗಿ ಗುಂಡಿಯ ಸುತ್ತ ಸಣ್ಣ ಕೊಳವೆಗಳನ್ನು ಆಳಕ್ಕೆ ಇಳಿಸಿ, ಅವುಗಳಲ್ಲಿ ನೀರು ಎಷ್ಟು ಎತ್ತರಕ್ಕೆ ಬಂದು ನಿಂತಿದೆ ಎಂದು ಅಳೆದು ಬರೆದುಕೊಳ್ಳುತ್ತಾರೆ. ಪೀಜೋಮೀಟರ್ ಎಂಬ ದೊಡ್ಡ ಹೆಸರಿನ ಈ ಉಪಕರಣ ನಿಜದಲ್ಲಿ ಅಷ್ಟು ಸರಳ.

ಕೆಲಸ ಮುಗಿದ ಮೇಲೂ ಪಂಪನ್ನು ಸದಾ ಓಡಿಸಿ ನೀರನ್ನು ಕೆಳಗೇ ಇಟ್ಟರೆ ಇಷ್ಟೆಲ್ಲ ಕಾಂಕ್ರೀಟು ಉಳಿಯುತ್ತದಲ್ಲ ಎಂದು ಕೇಳಬಹುದು. ಅಣೆಕಟ್ಟುಗಳಲ್ಲಿ ಅದನ್ನು ಹೋಲುವ ದಾರಿ ಇದೆ. ಕಟ್ಟೆಯೊಳಗೆ ಸುರಂಗದಂಥ ಓಣಿ ಬಿಟ್ಟು, ಬುಡಕ್ಕೆ ಕೊರೆದ ತೂತುಗಳಿಂದ ನೀರನ್ನು ಹೊರಕ್ಕೆ ಹರಿಸಿ ಮೇಲೊತ್ತು ಇಳಿಸುತ್ತಾರೆ. ನಗರದ ನಡುವೆ ಇದು ಸಲ್ಲದು. ವರ್ಷಗಟ್ಟಲೆ ನೀರು ಹೀರಿದರೆ ಸುತ್ತಲ ಮಣ್ಣು ಅದುಮಿ ಕುಗ್ಗುತ್ತದೆ, ಮೇಲಿನ ಹಳೆಯ ಕಟ್ಟಡಗಳು ಬಿರುಕು ಬಿಡುತ್ತವೆ, ಬಾವಿಗಳು ಒಣಗುತ್ತವೆ. ಅದಕ್ಕೇ ನಗರದ ನಿಲ್ದಾಣಗಳನ್ನು ನೀರು ಬಾರದಂತೆ ಹೊರಗಿನಿಂದ ಪೊರೆ ಹೊದಿಸಿ ಮುಚ್ಚುತ್ತಾರೆ. ಮುಚ್ಚಿದ ಮೇಲೆ ಮೇಲೊತ್ತನ್ನು ಪೂರ್ತಿ ಎದುರಿಸಲೇಬೇಕು.

ಟೋಕಿಯೋದಲ್ಲಿ ನೀರು ಮರಳಿತು

ಇಷ್ಟು ಎಚ್ಚರ ಬೇಕೇ ಎನ್ನುವವರು ಟೋಕಿಯೋದ ಕಥೆ ತಿಳಿಯಬೇಕು. ಅಲ್ಲಿನ ಮುಖ್ಯ ರೈಲು ನಿಲ್ದಾಣದ ಅಡಿಯಲ್ಲಿ, ಚೀಬಾ ಕಡೆಯ ಉಪನಗರಗಳಿಗೆ ಹೋಗುವ ಸೋಬು ಮಾರ್ಗಕ್ಕಾಗಿ ಆಳವಾದ ಭೂಗತ ನಿಲ್ದಾಣವೊಂದನ್ನು ಕಟ್ಟಿ 1972ರಲ್ಲಿ ತೆರೆದರು. ಆ ಕಾಲಕ್ಕೆ ಟೋಕಿಯೋದ ಕಾರ್ಖಾನೆಗಳು, ಕಟ್ಟಡಗಳು ದಶಕಗಳಿಂದ ಅಂತರ್ಜಲ ಎತ್ತಿ ಎತ್ತಿ ನೀರಿನ ಮಟ್ಟ ಬಹಳ ಕೆಳಗಿಳಿದಿತ್ತು. ನೆಲವೂ ಕುಸಿಯುತ್ತಿತ್ತು. ಸರ್ಕಾರ ನೀರೆತ್ತುವುದಕ್ಕೆ ಕಡಿವಾಣ ಹಾಕಿತು. ನೆಲ ಕುಸಿಯುವುದು ನಿಂತಿತು, ನಗರಕ್ಕೆ ಒಳ್ಳೆಯದೇ ಆಯಿತು. ಆದರೆ ಕೆಳಗಿನ ನೀರು ವರ್ಷದಿಂದ ವರ್ಷಕ್ಕೆ ಮೇಲೇರಿ ಬಂದು, ಒಣ ಮಣ್ಣಿನಲ್ಲಿ ಕಟ್ಟಿದ್ದ ನಿಲ್ದಾಣ ನೀರಿನ ನಡುವೆ ನಿಂತಿತು. ಕೊನೆಗೆ ರೈಲು ಓಡುತ್ತಿರುವಾಗಲೇ ತಳಹಾಸನ್ನು ಕೊರೆದು ಹಿಡಿಗೂಟಗಳನ್ನು ಇಳಿಸಿ ಅದನ್ನು ಕೆಳಕ್ಕೆ ಬಿಗಿಯಬೇಕಾಯಿತು.

ಅದೇ ನಗರದ ಉಯೆನೋದಲ್ಲಿ 1985ರಲ್ಲಿ ತೆರೆದ ಶಿಂಕಾನ್‌ಸೆನ್, ಅಂದರೆ ಬುಲೆಟ್ ರೈಲಿನ, ಭೂಗತ ನಿಲ್ದಾಣಕ್ಕೂ ಇದೇ ಪಾಡು. ಅಲ್ಲಿ ಮೊದಲು ಮಾಡಿದ್ದು ಪ್ಲಾಟ್‌ಫಾರ್ಮಿನ ಅಡಿ ಹತ್ತಾರು ಸಾವಿರ ಟನ್ ಕಬ್ಬಿಣ ಪೇರಿಸುವುದು. ಮುಂದೆ ನೂರಾರು ಹಿಡಿಗೂಟಗಳನ್ನೂ ಹಾಕಿದರು. ಕಾಂಕ್ರೀಟಿನ ಬದಲು ಕಬ್ಬಿಣ ಯಾಕೆ ಎಂಬುದು ಭದ್ರಾವತಿಯ ಕುಲುಮೆ ಕಂಡವರಿಗೆ ಹೇಳಬೇಕಿಲ್ಲ. ಕಟ್ಟಿ ಮುಗಿದ ನಿಲ್ದಾಣದಲ್ಲಿ ಉಳಿದಿರುವುದು ಪ್ಲಾಟ್‌ಫಾರ್ಮಿನ ಅಡಿಯ ಸ್ವಲ್ಪ ಜಾಗ. ಒಂದು ಘನ ಮೀಟರ್ ಕಾಂಕ್ರೀಟು ಎರಡೂವರೆ ಟನ್, ಅಷ್ಟೇ ಜಾಗದ ಕಬ್ಬಿಣ ಎಂಟು ಟನ್ನಿನ ಹತ್ತಿರ. ಜಾಗಕ್ಕೆ ಬರ ಇರುವ ಕಡೆ ಭಾರಕ್ಕೆ ಕಬ್ಬಿಣವೇ ಗತಿ. ಟೋಕಿಯೋ ನಿಲ್ದಾಣದ ಸುರಂಗಕ್ಕೆ ಸೋರಿ ಬರುವ ನೀರನ್ನು 2002ರಿಂದ ಕೊಳವೆಯಲ್ಲಿ ಒಯ್ದು, ಸೊರಗಿಹೋಗಿದ್ದ ತಾಚಿಯಾಯಿ ಎಂಬ ಸಣ್ಣ ಹೊಳೆಗೆ ಬಿಡುತ್ತಿದ್ದಾರೆ. ತೊಂದರೆಯನ್ನು ಇಷ್ಟು ಚೆಂದವಾಗಿ ಬಳಸಿಕೊಂಡ ಉದಾಹರಣೆಗಳು ಹೆಚ್ಚಿಲ್ಲ.

ಯಾವ ವರ್ಷದ ನೀರನ್ನು ಎಣಿಸಬೇಕು?

ಬೆಂಗಳೂರಿನ ವಿಷಯಕ್ಕೆ ಬಂದರೆ, ಸಾವಿರ ಅಡಿ ಕೊರೆದರೂ ನೀರು ಸಿಗದ ಊರಿನಲ್ಲಿ ತೇಲುವ ಮಾತೆಲ್ಲಿ ಎಂದು ಯಾರಿಗಾದರೂ ಅನ್ನಿಸೀತು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಹಾಗೆ ಅನ್ನಿಸುವುದು ನ್ಯಾಯವೇ. ಆದರೆ ಬೋರ್‌ವೆಲ್ ಹುಡುಕುವುದು ಆಳದ ಬಂಡೆಯ ಬಿರುಕುಗಳಲ್ಲಿರುವ ನೀರನ್ನು. ನಿಲ್ದಾಣವನ್ನು ನೂಕುವುದು ಮೇಲಿನ ಮಣ್ಣಿನಲ್ಲಿ, ಕೊಳೆತು ಸಡಿಲವಾದ ಬಂಡೆಯಲ್ಲಿ ನಿಲ್ಲುವ ನೀರು. ಮಳೆಯಿಂದಲೂ, ಒಡೆದ ಕುಡಿಯುವ ನೀರಿನ ಪೈಪಿನಿಂದಲೂ, ಸೋರುವ ಚರಂಡಿಯಿಂದಲೂ ಅದು ತುಂಬಿಕೊಳ್ಳುತ್ತದೆ. ಆಳದ ಬೋರು ಒಣಗಿರುವಾಗಲೂ ಮೇಲಿನ ಪದರ ತೊಯ್ದಿರಬಹುದು. ಇನ್ನು, ಇಂದು ಇಳಿದಿರುವ ಮಟ್ಟ ಇಳಿದೇ ಇರುತ್ತದೆ ಎಂಬ ಭರವಸೆಯನ್ನು ಟೋಕಿಯೋ ಸುಳ್ಳು ಮಾಡಿದೆ. ಬೆಂಗಳೂರಿನವರು ಕೆರೆಗಳನ್ನು ಉಳಿಸಿ, ಮಳೆನೀರು ಇಂಗಿಸಿ, ಬೋರ್‌ವೆಲ್ ಬಿಟ್ಟು ಹೊಳೆನೀರಿಗೆ ಪೂರ್ತಿ ಹೊರಳಿದರೆ ಅಂತರ್ಜಲ ಏರುತ್ತದೆ, ಏರಲೇಬೇಕು. ಆ ಒಳ್ಳೆಯ ದಿನವನ್ನೂ ನಿಲ್ದಾಣ ತಾಳಿಕೊಳ್ಳಬೇಕು.

ಆದ್ದರಿಂದಲೇ ಇಂಥ ಕಟ್ಟಡಗಳ ಲೆಕ್ಕದಲ್ಲಿ ಅಗೆಯುವ ದಿನ ಸಿಕ್ಕ ನೀರಿನ ಮಟ್ಟವನ್ನು ನಂಬದೆ, ನೀರು ನೆಲಮಟ್ಟದವರೆಗೆ ಬಂದಿದೆ ಎಂದೇ ಹಿಡಿಯುವುದು ವಾಡಿಕೆ. ಅದರ ಮೇಲೆ ಇನ್ನಷ್ಟು ಹೆಚ್ಚುವರಿ ಭಾರವನ್ನೂ ಬೇಡುತ್ತಾರೆ. ಇದು ಹಣ ತಿನ್ನುವ ಎಚ್ಚರಿಕೆ, ಟೀಕೆಗೂ ಒಳಗಾಗುವಂಥದ್ದು. ಆದರೂ ಅದರ ಪರವಾಗಿ ಒಂದು ಗಟ್ಟಿ ಕಾರಣವಿದೆ. ಮೆಟ್ರೊದ ಕಾಂಕ್ರೀಟು ಕಟ್ಟಡಗಳನ್ನು ನಮ್ಮ ದೇಶದಲ್ಲಿ ಸಾಮಾನ್ಯವಾಗಿ 120 ವರ್ಷ ಬಾಳಲೆಂದು ರೂಪಿಸುತ್ತಾರೆ. ಅಷ್ಟೇ ಕಾಲ ಹಿಂದಕ್ಕೆ ಹೋಗಿ ನೋಡಿದರೆ, ಇಂದು ಮೆಜೆಸ್ಟಿಕ್‌ನ ಬಸ್ಸುಗಳು ನಿಲ್ಲುವ ತಗ್ಗು ಧರ್ಮಾಂಬುಧಿ ಕೆರೆಯ ಅಂಗಳ. 1896ರಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬರುವ ತನಕ ಪೇಟೆಯ ಜನ ಕುಡಿಯುವ ನೀರಿಗೆ ನೆಚ್ಚಿಕೊಂಡಿದ್ದ ಕೆರೆಗಳಲ್ಲಿ ಅದೂ ಒಂದು. ಕೆರೆ ಹೋಗಿ ಬಸ್ ನಿಲ್ದಾಣ ಬಂದರೂ ಸುತ್ತಲ ಎತ್ತರದ ನೆಲದಿಂದ ಮಳೆನೀರು ಇಳಿದು ಬರುವ ಇಳಿಜಾರು ಈಗಲೂ ಆ ಕಡೆಗೇ ಇದೆ.